ಕೆಂಪು ಶಾಯಿಯ ಮಡಿ

1

ಕೆಲವು ವರ್ಷಗಳ ಹಿಂದೆ, ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದ ಸರ್ಕಾರಿ ಕಾಲೇಜಿನ ಸ್ಟಾಫ್ ರೂಮಿಗೆ ಒಬ್ಬ ಹುಡುಗಿ ಬಂದಳು. ಬಿ.ಎ. ಎರಡನೇ ವರ್ಷ. ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು. ಕೈಯಲ್ಲಿ ಒಂದು ಅರ್ಜಿ. ‘ಸಾರ್, ಇಂಗ್ಲಿಷ್‌ನಾಗೆ ಬರ್ದಿವ್ನಿ, ಸರಿ ಅದಾ ನೋಡಿ’ ಅಂದಳು. ಕನ್ನಡದಲ್ಲಿ ಬರೆದ ಎರಡು ಅರ್ಜಿಗಳು ಮೇಲಿನ ಆಫೀಸಿಗೆ ಹೋಗಿ ಅಲ್ಲೇ ಕೂತಿದ್ದವಂತೆ. ಇಂಗ್ಲಿಷಿನಲ್ಲಿ ಬರೆದರೆ ಓದ್ತಾರೆ ಅಂತ ಯಾರೋ ಹೇಳಿದ್ದರಂತೆ.

ಅರ್ಜಿ ಎಂಟು ಸಾಲಿನದು. ‘ಹಾಸ್ಟೆಲ್ ಬಾತ್‌ರೂಮ್ ಈಸ್ ನೋ ಡೋರ್’ ಎಂದಿತ್ತು. ಕೊನೆಯ ಸಾಲು, ‘ಸರ್, ವಿ ಆಲ್ಸೋ ಪೀಪಲ್ಸ್’. ನಾನು ಜೇಬಿನಿಂದ ಕೆಂಪು ಪೆನ್ನು ತೆಗೆದೆ. ಈಸ್ ಹೊಡೆದು ಹ್ಯಾಸ್ ಮಾಡಿದೆ. ಪೀಪಲ್ಸ್‌ನಲ್ಲಿದ್ದ ಕೊನೆಯ ಎಸ್ ಅನ್ನು ಸುತ್ತು ಹಾಕಿ ತೆಗೆದೆ. ವಿ ಆದ ಮೇಲೆ ಆರ್ ಇಲ್ಲ ಅಂತ ಒಂದು ಬಾಣದ ಗುರುತು ಹಾಕಿ ಆರ್ ಸೇರಿಸಿದೆ. ಒಟ್ಟು ಹದಿನಾಲ್ಕು ತಪ್ಪು. ‘ಪರವಾಗಿಲ್ಲಮ್ಮ, ಇನ್ನೂ ಸ್ವಲ್ಪ ಅಭ್ಯಾಸ ಬೇಕು’ ಎಂದು ಹಾಳೆ ವಾಪಸ್ಸು ಕೊಟ್ಟೆ.

ಅವಳು ಹಾಳೆಯನ್ನು ಒಂದು ಸಲ ನೋಡಿದಳು, ನನ್ನನ್ನು ಒಂದು ಸಲ ನೋಡಿದಳು. ‘ಸಾರ್, ಬಾಗ್ಲು?’ ಅಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಎಂಟು ಸಾಲಿನಲ್ಲಿ ಹದಿನಾಲ್ಕು ತಪ್ಪು ಕಂಡ ನನ್ನ ಕಣ್ಣಿಗೆ ಬಾಗಿಲಿಲ್ಲದ ಬಚ್ಚಲು ಕಂಡಿರಲಿಲ್ಲ. ನಾನೂ ಅಂಥದೇ ಹಾಸ್ಟೆಲಿನಲ್ಲಿ ಬೆಳೆದವನು. ಕೇರಿಯಿಂದ ಬಂದವನು. ನನ್ನ ಉತ್ತರಪತ್ರಿಕೆಯನ್ನು ಮೇಷ್ಟರೊಬ್ಬರು ತರಗತಿಯಲ್ಲಿ ಗಟ್ಟಿಯಾಗಿ ಓದಿ ನಗಿಸಿದ್ದನ್ನು ಇವತ್ತಿಗೂ ಮರೆಯದವನು. ಅಂಥ ನಾನೇ ಅವಳ ಮುಂದೆ ಆ ಮೇಷ್ಟರ ಕುರ್ಚಿಯಲ್ಲಿ ಕೂತಿದ್ದೆ.

ದಲಿತ ವಿಮರ್ಶೆ ಪ್ರತಿಮೆಯ ಜಾತಿಯ ಬಗ್ಗೆ, ಛಂದಸ್ಸಿನ ಜಾತಿಯ ಬಗ್ಗೆ, ಸೌಂದರ್ಯ ಮೀಮಾಂಸೆಯ ಜಾತಿಯ ಬಗ್ಗೆ ಬೇಕಾದಷ್ಟು ಮಾತಾಡಿದೆ. ‘ತಪ್ಪಿ’ನ ಜಾತಿಯ ಬಗ್ಗೆ ಅಷ್ಟಾಗಿ ಮಾತಾಡಿಲ್ಲ. ಸ್ಪೆಲ್ಲಿಂಗ್ ತಪ್ಪಿದರೆ ಕೆಲವರಿಗೆ ಅಷ್ಟೊಂದು ಸಿಟ್ಟು ಯಾಕೆ ಬರುತ್ತೆ? ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಊಟದಲ್ಲಿ ಕೂದಲು ಸಿಕ್ಕಿದವರಂತೆ ಮುಖ ಯಾಕೆ ಮಾಡುತ್ತಾರೆ? ಆ ಹುಡುಗಿಗೆ ನಾನು ಕೊಡಲಾಗದ ಉತ್ತರವನ್ನು ಇಲ್ಲಿ ಹುಡುಕುತ್ತಿದ್ದೇನೆ.

2

ಇಂಗ್ಲಿಷ್ ಬಲ್ಲವರ ಮೈ ಉರಿಸುವ ತಪ್ಪುಗಳದ್ದೇ ಒಂದು ಪಟ್ಟಿ ಇದೆ. ನನ್ನ ಹತ್ತಿರವೂ ಇತ್ತು. ಜೆರಾಕ್ಸ್ ಮಾಡಿಸಿ ಪ್ರತಿ ವರ್ಷ ಹಂಚುತ್ತಿದ್ದೆ. ‘ದೇರ್’ ಎಂದು ಕೇಳಿಸುವ ಮಾತಿಗೆ ಮೂರು ಕಾಗುಣಿತ, ಯಾವುದು ಎಲ್ಲಿ. ‘ಇಟ್ಸ್’ನಲ್ಲಿ ಅಪಾಸ್ಟ್ರಫಿ ಎಲ್ಲಿ ಬೇಕು, ಎಲ್ಲಿ ಬೇಡ. ‘ಇನ್ಫರ್ಮೇಷನ್ಸ್’, ‘ಫರ್ನಿಚರ್ಸ್’ ಅನ್ನಬಾರದು. ‘ಡಿಸ್ಕಸ್ ಅಬೌಟ್’ ತಪ್ಪು. ‘ಕಸಿನ್ ಬ್ರದರ್’ ತಪ್ಪು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ತಪ್ಪು. ‘ಮೈಸೆಲ್ಫ್ ಇಂಥವನು’ ಎಂದು ಸಂದರ್ಶನದಲ್ಲಿ ಬಾಯಿ ತೆರೆದರೆ ಅಲ್ಲಿಗೆ ಕೆಲಸ ಹೋಯಿತು.

ಈ ಪಟ್ಟಿಯನ್ನು ನಾನು ಹಂಚುತ್ತಿದ್ದೆನೇ ಹೊರತು ಹುಡುಗರು ಈ ತಪ್ಪುಗಳನ್ನೇ ಯಾಕೆ ಮಾಡುತ್ತಾರೆ ಎಂದು ಕೇಳಿಕೊಂಡಿರಲಿಲ್ಲ. ಕನ್ನಡದಲ್ಲಿ ನಾವು ಒಂದು ವಿಷಯದ ‘ಬಗ್ಗೆ’ ಚರ್ಚೆ ಮಾಡುತ್ತೇವೆ. ಆ ‘ಬಗ್ಗೆ’ಯೇ ‘ಅಬೌಟ್’ ಆಗಿ ಹಿಂದೆ ಬರುತ್ತದೆ. ದೊಡ್ಡಪ್ಪನ ಮಗ ನಮಗೆ ಅಣ್ಣನೇ. ಅವನನ್ನು ಬರೀ ಕಸಿನ್ ಅಂದರೆ ಸಂಬಂಧ ಕಡಿದು ಹಾಕಿದಂತೆ ಕೇಳುತ್ತದೆ, ಅದಕ್ಕೇ ಒಂದು ಬ್ರದರ್ ಸೇರಿಸಿ ಕಟ್ಟುತ್ತೇವೆ. ಇನ್ನು ‘ವಿ ಆಲ್ಸೋ ಪೀಪಲ್ಸ್’. ‘ನಾವೂ ಜನಗಳು’ ಎಂಬ ಕನ್ನಡ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಅದು ಪೂರ್ತಿ ವಾಕ್ಯ. ‘ಆಗಿದ್ದೇವೆ’ ಅಂತ ಬಾಲ ಕಟ್ಟಿದರೆ ಅದು ಅನುವಾದದ ವಾಸನೆ ಹೊಡೆಯುತ್ತದೆ. ಹುಡುಗಿ ಕಳೆದುಕೊಂಡಳು ಅಂತ ನಾನು ಬಾಣ ಹಾಕಿ ಸೇರಿಸಿದ ‘ಆರ್’ ಅವಳ ಭಾಷೆಯಲ್ಲಿ ಬೇಕಾಗಿಯೇ ಇಲ್ಲದ ಸಾಮಾನು. ‘ಜನ’ ಎಂಬುದೇ ಬಹುವಚನ ಎಂದು ಪಂಡಿತರು ಹೇಳಿದರೂ ನಮ್ಮ ಬಾಯಲ್ಲಿ ಬರುವುದು ‘ಜನಗಳು’. ಅಷ್ಟಕ್ಕೂ ನಾನು ಸುತ್ತು ಹಾಕಿ ತೆಗೆದ ಆ ‘ಪೀಪಲ್ಸ್’ 1945ರ ವಿಶ್ವಸಂಸ್ಥೆಯ ಸನ್ನದಿನ ಮೊದಲ ಸಾಲಿನಲ್ಲೇ ಇದೆ. ಅಲ್ಲಿ ಅದಕ್ಕೆ ಲೋಕದ ಬೇರೆಬೇರೆ ಜನಸಮುದಾಯಗಳು ಎಂಬ ಅರ್ಥ. ಹುಡುಗಿ ಆ ಅರ್ಥದಲ್ಲಿ ಬರೆದಳು ಅಂತ ನಾನು ಸಾಧಿಸಲು ಹೋಗುವುದಿಲ್ಲ. ಆದರೆ ಕೇರಿಯವಳು ‘ನಾವೂ ಒಂದು ಜನ’ ಅಂದರೆ ಆ ಅರ್ಥವೂ ತಪ್ಪಾಗಲಾರದು.

ನಮ್ಮವ್ವ ಸ್ಕೂಲಿಗೆ ‘ಇಸ್ಕೂಲು’ ಅನ್ನುತ್ತಿದ್ದಳು. ನಾನು ಕಾಲೇಜು ಸೇರಿದ ಮೇಲೆ ಅವಳನ್ನು ತಿದ್ದಿದ್ದೇನೆ, ನಾಚಿಕೆಯಾಗಬೇಕು. ಆಮೇಲೆ ಓದಿ ತಿಳಿದದ್ದು: ಲ್ಯಾಟಿನ್ನಿನ ‘ಸ್ಕೋಲಾ’ ಸ್ಪೇನಿಗೆ ಹೋಗಿ ‘ಎಸ್ಕ್ವೇಲಾ’ ಆಯಿತು. ನಮ್ಮವ್ವ ಮುಂದೆ ಒಂದು ಇಕಾರ ಹಾಕಿದಳು, ಇಡೀ ಸ್ಪೇನ್ ದೇಶ ಒಂದು ಎಕಾರ ಹಾಕಿತು. ಅವರದ್ದು ಭಾಷೆಯ ಚರಿತ್ರೆ, ಅವ್ವನದ್ದು ಹಳ್ಳಿಗುಗ್ಗು.

ಇಂಗ್ಲಿಷಿನ ಸ್ವಂತ ಮನೆಯೊಳಗೆ ಹೊಕ್ಕು ನೋಡಿದರೂ ಇದೇ ಕಥೆ. ಸಾಲ ಎಂಬ ಅರ್ಥದ ‘ಡೆಟ್’ ಫ್ರೆಂಚಿನಿಂದ ಬಂದಾಗ ಅದರ ನಡುವೆ ಬಿ ಅಕ್ಷರ ಇರಲಿಲ್ಲ. ಲ್ಯಾಟಿನ್ ಬಲ್ಲ ಪಂಡಿತರು ಮೂಲದ ಗುರುತಿಗೆ ಅಂತ ಅದನ್ನು ತುರುಕಿದರು. ಯಾರೂ ಉಚ್ಚರಿಸದ ಆ ಬಿಗೆ ನಮ್ಮ ಮಕ್ಕಳು ಇವತ್ತಿಗೂ ಬಡ್ಡಿ ಕಟ್ಟುತ್ತಿದ್ದಾರೆ. ‘ಐಲೆಂಡ್’ ಎಂಬುದು ಹಳೆಯ ಇಂಗ್ಲಿಷಿನ ದೇಸಿ ಮಾತು, ಅದರಲ್ಲಿ ಎಸ್ ಇರಲಿಲ್ಲ. ಲ್ಯಾಟಿನ್ ಮೂಲದ ‘ಐಲ್’ಗೆ ಅದು ನೆಂಟ ಎಂದು ತಪ್ಪು ತಿಳಿದು ಎಸ್ ಸೇರಿಸಿದರು. ತಿಳಿದವರು ಮಾಡಿದ ತಪ್ಪು, ಆದ್ದರಿಂದ ಅದೇ ಕಾಗುಣಿತವಾಯಿತು. ಅಪಾಸ್ಟ್ರಫಿ ಹಾಕಿದ ‘ಇಟ್ಸ್’, ಈಗ ಯಾವ ಅರ್ಥದಲ್ಲಿ ಬರೆದರೆ ನಗುತ್ತಾರೋ ಅದೇ ಅರ್ಥದಲ್ಲಿ, ಷೇಕ್ಸ್‌ಪಿಯರನ ನಾಟಕಗಳ 1623ರ ಮೊದಲ ಸಂಪುಟದಲ್ಲೇ ಅಚ್ಚಾಗಿದೆ. ‘ಎರಡು ನಿಷೇಧ ಒಂದನ್ನೊಂದು ಹೊಡೆದುಹಾಕುತ್ತವೆ’ ಎಂಬ ನಿಯಮವನ್ನು 1763ರಲ್ಲಿ ತನ್ನ ವ್ಯಾಕರಣದಲ್ಲಿ ಸೇರಿಸಿದ ರಾಬರ್ಟ್ ಲೌತ್ ಎಂಬ ಪಾದ್ರಿ ಷೇಕ್ಸ್‌ಪಿಯರ್, ಮಿಲ್ಟನ್ನರಲ್ಲೂ ತಪ್ಪು ಹುಡುಕಿದ. ಅವರು ಸತ್ತು ಎಷ್ಟೋ ವರ್ಷದ ಮೇಲೆ ಬಂದ ನಿಯಮಕ್ಕೆ ಅವರು ತಪ್ಪಿತಸ್ಥರಾದರು.

ತಪ್ಪು ಎಂಬುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಯಾರ ತಪ್ಪು ನಿಯಮವಾಗುತ್ತದೆ, ಯಾರ ತಪ್ಪು ನಗೆಪಾಟಲಾಗುತ್ತದೆ ಎನ್ನುವುದನ್ನು ವ್ಯಾಕರಣ ತಾನೇ ತೀರ್ಮಾನಿಸುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

3

ಹಾಗಾದರೆ ಯಾರು ತೀರ್ಮಾನಿಸುತ್ತಾರೆ? ಇದಕ್ಕೆ ಎರಡು ಹಳೆಯ ಕಥೆಗಳಿವೆ.

ಮೊದಲನೆಯದು ಬೈಬಲ್ಲಿನ ನ್ಯಾಯಸ್ಥಾಪಕರ ಪುಸ್ತಕದ್ದು. ಯುದ್ಧದಲ್ಲಿ ಸೋತ ಎಫ್ರಾಯೀಮ್ ಕುಲದವರು ಯೊರ್ದನ್ ಹೊಳೆ ದಾಟಿ ಊರಿಗೆ ಓಡಿಹೋಗಬೇಕು. ಗೆದ್ದ ಗಿಲ್ಯಾದಿನವರು ಹೊಳೆ ದಾಟುವ ಜಾಗಗಳನ್ನು ಹಿಡಿದು ನಿಂತಿದ್ದಾರೆ. ನೋಡಿದರೆ ಯಾರು ಯಾವ ಕುಲ ಗೊತ್ತಾಗುವುದಿಲ್ಲ. ಬಂದವನಿಗೆ ‘ಷಿಬ್ಬೋಲೆತ್’ ಅನ್ನು ಎಂದು ಹೇಳುತ್ತಾರೆ. ಎಫ್ರಾಯೀಮನಿಗೆ ಷಕಾರ ನಾಲಗೆಗೆ ಹೊರಳದು, ‘ಸಿಬ್ಬೋಲೆತ್’ ಅನ್ನುತ್ತಾನೆ. ಅಲ್ಲೇ ಕತ್ತು. ಹಾಗೆ ಬಿದ್ದವರು 42,000 ಮಂದಿ ಎನ್ನುತ್ತದೆ ಆ ಪುಸ್ತಕ. ಒಳಗಿನವನು ಯಾರು, ಹೊರಗಿನವನು ಯಾರು ಎಂದು ಪತ್ತೆಹಚ್ಚುವ ಗುರುತಿನ ಮಾತಿಗೆ ಇಂಗ್ಲಿಷಿನಲ್ಲಿ ಇವತ್ತಿಗೂ ಷಿಬ್ಬೋಲೆತ್ ಎಂದೇ ಹೆಸರು.

ಎರಡನೆಯದು ನಮ್ಮದೇ ನೆಲದ್ದು. ವ್ಯಾಕರಣವನ್ನು ಯಾಕೆ ಓದಬೇಕು ಎಂದು ಪತಂಜಲಿ ತನ್ನ ಮಹಾಭಾಷ್ಯದ ಆರಂಭದಲ್ಲೇ ಕಾರಣ ಕೊಡುತ್ತಾನೆ. ಅಸುರರು ಶತ್ರುಗಳನ್ನು ಕೂಗುವಾಗ ರಕಾರದ ಬದಲು ಲಕಾರ ಹಾಕಿ ‘ಹೇಲಯೋ ಹೇಲಯಃ’ ಎಂದರಂತೆ, ಅದರಿಂದಲೇ ಸೋತರಂತೆ. ಆದ್ದರಿಂದ ಬ್ರಾಹ್ಮಣನಾದವನು ತಪ್ಪು ಮಾತಾಡಿ ಮ್ಲೇಚ್ಛನಾಗಬಾರದು, ವ್ಯಾಕರಣ ಓದಬೇಕು. ಇಲ್ಲಿ ಮ್ಲೇಚ್ಛ ಎಂಬುದು ಮೊದಲು ನಾಲಗೆಯ ದೋಷ, ಆಮೇಲೆ ಅದೇ ಮನುಷ್ಯನ ಹೆಸರು. ಸರಿಯಾಗಿ ಮಾತಾಡುವುದು ಅರ್ಥ ಮುಟ್ಟಿಸುವುದಕ್ಕಿಂತ ಹೆಚ್ಚಾಗಿ ಮಡಿ ಕಾಪಾಡಿಕೊಳ್ಳುವ ವಿಚಾರವಾಯಿತು. ಶಿಷ್ಟ ಭಾಷೆಯಿಂದ ಹೊರಗಿದ್ದವರು ಪರಿಶಿಷ್ಟರಾದರು.

ಕನ್ನಡದ ತರಗತಿಯಲ್ಲಿ ನಾವೆಲ್ಲ ಈ ಹೊಳೆ ದಾಟಿ ಬಂದವರೇ. ಶಂಕರ ಎನ್ನಲು ‘ಸಂಕರ’ ಎಂದವನಿಗೆ ಬೆತ್ತ. ಹಾಲು ಎನ್ನಲು ‘ಆಲು’ ಎಂದವನಿಗೆ ನಗು. ಆದರೆ ಹಳಗನ್ನಡದಲ್ಲಿ ಅದು ಹಾಲೂ ಅಲ್ಲ, ‘ಪಾಲ್’. ಹುಲಿ ‘ಪುಲಿ’, ಹಕ್ಕಿ ‘ಪಕ್ಕಿ’. ಯಾವುದೋ ಕಾಲದಲ್ಲಿ ಜನರ ಬಾಯಲ್ಲಿ ಪಕಾರ ಸವೆದು ಹಕಾರವಾಯಿತು, ಅದಕ್ಕೆ ಭಾಷೆಯ ಬೆಳವಣಿಗೆ ಎಂದು ಹೆಸರಿಟ್ಟು ಎಂ.ಎ. ಪ್ರಶ್ನೆಪತ್ರಿಕೆಯಲ್ಲಿ ಅಂಕ ಕೊಡುತ್ತಾರೆ. ಅದೇ ಹಕಾರ ನಮ್ಮ ಕೇರಿಯಲ್ಲಿ ಇನ್ನೂ ಒಂದು ಹೆಜ್ಜೆ ಸವೆದು ‘ಆಲು’ ಆದರೆ ಅಲ್ಲಿಗೆ ಚರಿತ್ರೆ ನಿಂತುಹೋಯಿತು, ಬೆತ್ತ ಮೇಲೆದ್ದಿತು.

ಬೆತ್ತದ ಏಟು ತಿಂದ ಅದೇ ನಾಲಗೆ ಮುಂದೆ ಇಂಗ್ಲಿಷಿನ ಹೊಳೆಗೆ ಬಂದು ನಿಂತಾಗ ಅಲ್ಲೂ ಕಾವಲಿನವರಿದ್ದರು. ಒಂದೇ ಸಮಾಧಾನ, ಈಗ ಕತ್ತು ಕಡಿಯುವುದಿಲ್ಲ. ‘ವಿ ವಿಲ್ ಗೆಟ್ ಬ್ಯಾಕ್ ಟು ಯೂ’ ಎಂದು ನಕ್ಕು ಕಳಿಸುತ್ತಾರೆ.

4

ಈ ನಗುವಿಗೂ ಒಂದು ಏಣಿ ಇದೆ.

ವಸಾಹತು ಕಾಲದಲ್ಲಿ ಆಂಗ್ಲರು ಬಂಗಾಳದ ಬಾಬುವಿನ ಇಂಗ್ಲಿಷನ್ನು ನೋಡಿ ನಕ್ಕರು. ಲಂಡನ್ನಿನ ‘ಪಂಚ್’ ಎಂಬ ಹಾಸ್ಯಪತ್ರಿಕೆಯಲ್ಲಿ ಎಫ್. ಆ್ಯನ್ಸ್ಟಿ ಎಂಬಾತ ‘ಬಾಬೂ ಜಬ್ಬರ್‌ಜೀ, ಬಿ.ಎ.’ ಎಂಬ ಪಾತ್ರ ಕಟ್ಟಿ ಬರೆದ. ಅದು 1897ರಲ್ಲಿ ಪುಸ್ತಕವೂ ಆಯಿತು. ದೊಡ್ಡದೊಡ್ಡ ಪದಗಳನ್ನು ತಪ್ಪುತಪ್ಪಾಗಿ ಪೋಣಿಸುವ, ಆದ್ದರಿಂದ ಆಳಲು ಯೋಗ್ಯನಲ್ಲದ ಬಾಬು. ಮೆಕಾಲೆ 1835ರಲ್ಲಿ ತನ್ನ ಟಿಪ್ಪಣಿ ಬರೆದು ಇಂಗ್ಲಿಷ್ ಕಲಿಸಲು ಹೊರಟದ್ದೂ ಅವರೇ, ಕಲಿತವನನ್ನು ಕಂಡು ನಕ್ಕವರೂ ಅವರೇ.

ಹಾಗೆ ನಗಿಸಿಕೊಂಡ ಬಾಬು ಏನು ಮಾಡಿದ? ಆ ನಗುವನ್ನು ಪ್ರಶ್ನಿಸಿದನೇ? ಎಲ್ಲೋ ಕೆಲವರು ಪ್ರಶ್ನಿಸಿರಬಹುದು. ಬಹಳ ಮಂದಿ ಅದನ್ನು ಕಲಿತುಕೊಂಡು ತಮಗಿಂತ ಕೆಳಗಿನವರ ಮೇಲೆ ಬಿಟ್ಟರು. ಆಂಗ್ಲನು ಬಾಬುವನ್ನು ನೋಡಿ ನಕ್ಕರೆ, ಬಾಬುವಿನ ಮೊಮ್ಮಗ ಕಾನ್ವೆಂಟಿನಲ್ಲಿ ಓದಿ ಸರ್ಕಾರಿ ಶಾಲೆಯವನನ್ನು ನೋಡಿ ನಕ್ಕ. ಬೆಂಗಳೂರಿನವನು ತಾಲ್ಲೂಕಿನವನನ್ನು, ತಾಲ್ಲೂಕಿನವನು ಹಳ್ಳಿಯವನನ್ನು, ಊರಿನವನು ಕೇರಿಯವನನ್ನು. ಕೇರಿಯಿಂದ ಬಂದು ಎಂ.ಎ. ಮಾಡಿದ ನಾನು ಕೇರಿಯಿಂದ ಈಗಷ್ಟೇ ಬಂದ ಆ ಹುಡುಗಿಯನ್ನು. ನಾನು ಬಾಯಿಬಿಟ್ಟು ನಗಲಿಲ್ಲ, ನಿಜ. ಕೆಂಪು ಪೆನ್ನು ನನ್ನ ಪರವಾಗಿ ನಕ್ಕಿತು.

ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಇದನ್ನೇ. ಪ್ರತಿಯೊಬ್ಬನಿಗೂ ಮೇಲೆ ನೋಡಿದರೆ ಭಯಭಕ್ತಿ, ಕೆಳಗೆ ನೋಡಿದರೆ ತಾತ್ಸಾರ. ಈ ವ್ಯವಸ್ಥೆ ಮುರಿಯದೆ ಉಳಿದಿರುವುದು ಕೆಳಗೆ ಯಾರೋ ಒಬ್ಬ ಇದ್ದಾನೆ ಎಂಬ ಸಮಾಧಾನದಿಂದ. ಭಾಷೆಯ ತಪ್ಪು ಈ ಏಣಿಗೆ ಹೇಳಿಮಾಡಿಸಿದ ಮೆಟ್ಟಿಲು. ಜಾತಿ ಹೆಸರೆತ್ತಿ ಬೈದರೆ ಇವತ್ತು ಕೇಸು ಬೀಳುತ್ತದೆ, 1989ರ ದೌರ್ಜನ್ಯ ತಡೆ ಕಾಯಿದೆ ಇದೆ. ‘ಅವನ ಇಂಗ್ಲಿಷ್ ಸರಿ ಇಲ್ಲ’ ಅಂದರೆ ಯಾವ ಕೇಸೂ ಇಲ್ಲ. ಅದು ಅಭಿರುಚಿ, ಮೆರಿಟ್, ಸ್ಟ್ಯಾಂಡರ್ಡ್. ಎದುರಿಗಿರುವವನ ಹಿನ್ನೆಲೆಯನ್ನು ಅವನ ಜಾತಿ ಕೇಳದೆಯೇ ಅಳೆದುಬಿಡುವ ಹುನ್ನಾರ ಇದು.

5

ಈ ವಿಷಯದಲ್ಲಿ ನಮಗಿಂತ ಮುಂಚೆ ಯೋಚಿಸಿದವರು ಅಮೆರಿಕದ ಕಪ್ಪು ಜನ. 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಎಂಬ ಹೆಸರನ್ನು ಅವರಿಂದಲೇ ಎರವಲು ತಂದರು. ಹೆಸರು ತಂದೆವು, ಅವರು ಭಾಷೆಯ ಬಗ್ಗೆ ನಡೆಸಿದ ವಾಗ್ವಾದವನ್ನು ಪೂರ್ತಿ ತರಲಿಲ್ಲ.

ಕಪ್ಪು ಜನರ ಇಂಗ್ಲಿಷ್ ಕೆಟ್ಟ ಇಂಗ್ಲಿಷ್, ಅದರಲ್ಲಿ ತರ್ಕವಿಲ್ಲ ಎಂದು ಪಂಡಿತರು ಹೇಳುತ್ತಿದ್ದ ಕಾಲದಲ್ಲಿ ವಿಲಿಯಂ ಲೆಬಾವ್ ಎಂಬ ಭಾಷಾಶಾಸ್ತ್ರಜ್ಞ ನ್ಯೂಯಾರ್ಕಿನ ಹಾರ್ಲೆಮ್ಮಿನ ಹುಡುಗರ ಮಾತು ಕೇಳಿಸಿಕೊಂಡ. 1969ರ ತನ್ನ ಪ್ರಬಂಧದಲ್ಲಿ ಆ ಮಾತಿಗೆ ತನ್ನದೇ ಕಟ್ಟುನಿಟ್ಟಾದ ವ್ಯಾಕರಣ ಇದೆ ಎಂದು ತೋರಿಸಿದ. ‘ಹಿ ವರ್ಕಿಂಗ್’ ಅಂದರೆ ಈಗ ಕೆಲಸದಲ್ಲಿದ್ದಾನೆ. ‘ಹಿ ಬಿ ವರ್ಕಿಂಗ್’ ಅಂದರೆ ಕೆಲಸಕ್ಕೆ ಹೋಗುವುದು ಅವನ ರೂಢಿ. ಹೊರಗಿನವನ ಕಿವಿಗೆ ಎರಡೂ ತಪ್ಪು, ಒಳಗಿನವನಿಗೆ ಎರಡೂ ಬೇರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮೂರಿನ ಮಾತು. ‘ಕೂಲಿಗೆ ಹೋಯ್ತಾನೆ’ ಎಂದರೆ ಕೂಲಿ ಅವನ ಬದುಕು. ‘ಕೂಲಿಗೆ ಹೋಯ್ತಾವ್ನೆ’ ಎಂದರೆ ಅಗೋ, ಈಗ ಹೋಗುತ್ತಿದ್ದಾನೆ. ಎರಡನ್ನೂ ಕನ್ನಡ ಮೇಷ್ಟರು ಒಂದೇ ಗೀಟಿನಲ್ಲಿ ಹೊಡೆದುಹಾಕುತ್ತಾರೆ. ಆ ‘ಹಿ ವರ್ಕಿಂಗ್’ನಲ್ಲಿ ಈಸ್ ಇಲ್ಲ, ನನ್ನ ವಿದ್ಯಾರ್ಥಿನಿಯ ‘ವಿ ಆಲ್ಸೋ ಪೀಪಲ್ಸ್’ನಲ್ಲಿ ಆರ್ ಇಲ್ಲ. ಹಾರ್ಲೆಮ್ಮಿನ ಹುಡುಗನೂ ನಮ್ಮ ಹಾಸ್ಟೆಲಿನ ಹುಡುಗಿಯೂ ಬೇರೆಬೇರೆ ದಾರಿಯಿಂದ ಬಂದು ಒಂದೇ ಕೆಂಪು ಗೀಟಿಗೆ ಸಿಕ್ಕಿದವರು.

1979ರಲ್ಲಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್ ಊರಿನ ಕಪ್ಪು ಮಕ್ಕಳ ಪರವಾಗಿ ಒಂದು ತೀರ್ಪು ಬಂತು. ಮಕ್ಕಳು ಮನೆಯಲ್ಲಾಡುವ ಮಾತನ್ನು ಗಣನೆಗೆ ತೆಗೆದುಕೊಂಡೇ ಶಾಲೆ ಓದು ಕಲಿಸಬೇಕು ಎಂದಿತು ನ್ಯಾಯಾಲಯ. 1996ರಲ್ಲಿ ಓಕ್ಲೆಂಡಿನ ಶಾಲಾ ಮಂಡಳಿ ಅದೇ ದಾರಿಯಲ್ಲಿ ಒಂದು ನಿರ್ಣಯ ಮಾಡಿದಾಗ ದೇಶವೇ ನಕ್ಕಿತು. ಜೆಸ್ಸಿ ಜಾಕ್ಸನ್‌ರಂಥ ಕಪ್ಪು ನಾಯಕರೂ ಮೊದಲು ಸಿಟ್ಟಾಗಿ ಆಮೇಲೆ ಮೆತ್ತಗಾದರು.

ಆ ಸಿಟ್ಟನ್ನು ನಾವು ಅರ್ಥ ಮಾಡಿಕೊಳ್ಳಬೇಕು. ಸಾಹಿತ್ಯದಲ್ಲೂ ಈ ಜಗಳ ನಡೆದಿದೆ. ಜೋರಾ ನೀಲ್ ಹರ್ಸ್ಟನ್ 1937ರ ತನ್ನ ಕಾದಂಬರಿಯಲ್ಲಿ ಫ್ಲಾರಿಡಾದ ಕಪ್ಪು ಜನರ ಆಡುಮಾತನ್ನು ಹಾಗೆಹಾಗೇ ತಂದಾಗ, ಇದು ಬಿಳಿಯರನ್ನು ನಗಿಸುವ ಆಟ ಎಂದು ಬೈದವನು ಬಿಳಿ ವಿಮರ್ಶಕನಲ್ಲ. ಕಪ್ಪು ಲೇಖಕ ರಿಚರ್ಡ್ ರೈಟ್. ನಮ್ಮ ಮಾತು ಪುಸ್ತಕಕ್ಕೆ ಬಂದರೆ ಅವರ ನಗೆಗೆ ಸಾಮಾನಾಗುತ್ತದೆ ಎಂಬ ಅವನ ಭಯ ಸುಳ್ಳಲ್ಲ. ಆದರೂ ನಾಲ್ಕು ದಶಕದ ಮೇಲೆ ಹರ್ಸ್ಟನ್‌ಳನ್ನು ಮತ್ತೆ ಎತ್ತಿ ತಂದವಳು ಆಲಿಸ್ ವಾಕರ್. ಅವಳ ‘ದಿ ಕಲರ್ ಪರ್ಪಲ್’ (1982) ಕಾದಂಬರಿಯ ಸೀಲಿ ದೇವರಿಗೆ ಕಾಗದ ಬರೆಯುತ್ತಾಳೆ. ಆ ಕಾಗದಗಳನ್ನು ನನ್ನಂಥ ಮೇಷ್ಟರಿಗೆ ಕೊಟ್ಟರೆ ಪುಟ ಕೆಂಪಾಗುತ್ತದೆ. ಆ ‘ತಪ್ಪು’ಗಳನ್ನು ತಿದ್ದಿದರೆ ಸೀಲಿಯೇ ಉಳಿಯುವುದಿಲ್ಲ.

ನಮ್ಮಲ್ಲಿ ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಬಂದಾಗ ಓದಲಾಗುವುದಿಲ್ಲ, ಅರ್ಥವಾಗುವುದಿಲ್ಲ ಎಂಬ ದೂರು ಎಷ್ಟಿತ್ತು ಎಂಬುದು ಗೊತ್ತಿದ್ದದ್ದೇ. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವತ್ತು ಅದರ ಭಾಷೆಯನ್ನು ಹೊಗಳದ ವಿಮರ್ಶಕನಿಲ್ಲ. ನಾನೂ ಹೊಗಳಿ ಬರೆದಿದ್ದೇನೆ. ಆದರೆ ಅಂಥದೇ ಮಾತಾಡುವ ಹುಡುಗನನ್ನು ಸಂದರ್ಶನದ ಕೋಣೆಯಲ್ಲಿ ಯಾರೂ ಹೊಗಳುವುದಿಲ್ಲ. ಕಾದಂಬರಿಯಲ್ಲಿ ‘ದೇಸಿ’ ಎನಿಸಿಕೊಂಡದ್ದು ಅರ್ಜಿಯಲ್ಲಿ ‘ತಪ್ಪು’. ನಮ್ಮ ವಿಮರ್ಶೆ ಕಾದಂಬರಿಯ ಹೊಸಲಿನ ತನಕ ಬಂದು ನಿಂತುಬಿಟ್ಟಿದೆ, ಅರ್ಜಿ ಹಿಡಿದು ನಿಂತವಳ ತನಕ ಬಂದಿಲ್ಲ.

6

ಇದುವರೆಗೆ ನಮ್ಮ ತಪ್ಪುಗಳ ಬಗ್ಗೆ ಮಾತಾಡಿದೆ. ನಮ್ಮ ಬಗ್ಗೆ ಅವರು ಬರೆದ ತಪ್ಪುಗಳ ಬಗ್ಗೆಯೂ ಮಾತಾಡಬೇಕು.

ನಮ್ಮಪ್ಪನ ಹೆಸರಿನ ಕೊನೆಗೆ ‘ಅಯ್ಯ’ ಇತ್ತು. ನನ್ನನ್ನು ಶಾಲೆಗೆ ಸೇರಿಸಿದ ದಿನ ಮೇಷ್ಟರು ‘ನಿಂಗ್ಯಾಕ್ಲಾ ಅಯ್ಯ’ ಎಂದು ಅದನ್ನು ಬಿಟ್ಟು ಬರೆದರು. ರೇಷನ್ ಕಾರ್ಡು ಮಾಡಿದ ಗುಮಾಸ್ತ ಅಯ್ಯ ಸೇರಿಸಿ ಇಂಗ್ಲಿಷಿನಲ್ಲಿ ಕೊನೆಗೆ ಐ-ಎ-ಎಚ್ ಹಾಕಿದ. ಜಾತಿ ಪ್ರಮಾಣಪತ್ರದಲ್ಲಿ ಅದು ವೈ-ವೈ-ಎ ಆಯಿತು. ಒಬ್ಬ ಅಪ್ಪ, ಮೂರು ಹೆಸರು. ಸ್ಕಾಲರ್‌ಷಿಪ್ಪಿಗೆ ಹೋದಾಗ ಮೂವರೂ ಒಬ್ಬನೇ ಎಂದು ಅಫಿಡವಿಟ್ಟು ತಾ ಅಂದರು. ಓದುಬರಹ ಬಾರದ ನಮ್ಮಪ್ಪ ಒಂದು ಅಕ್ಷರವನ್ನೂ ತಪ್ಪು ಬರೆದವನಲ್ಲ. ಅಕ್ಷರ ಬಲ್ಲವರು ಮಾಡಿದ ತಪ್ಪಿಗೆ ಎರಡು ದಿನದ ಕೂಲಿ ಬಿಟ್ಟು ತಾಲ್ಲೂಕು ಕಚೇರಿ ಸುತ್ತಿದವನು ಅವನು.

ಇದು ನನ್ನೊಬ್ಬನ ಮನೆ ಕಥೆ ಅಲ್ಲ. 1950ರ ರಾಷ್ಟ್ರಪತಿಗಳ ಆದೇಶದಲ್ಲಿ ಮೈಸೂರು ರಾಜ್ಯದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಭೋವಿ’ ಎಂದಿತ್ತು, ‘ವಡ್ಡರು’ ಎಂದಿರಲಿಲ್ಲ. ಮೀಸಲು ಕ್ಷೇತ್ರದಲ್ಲಿ ಗೆದ್ದ ಒಬ್ಬರ ಜಾತಿಯ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ವಡ್ಡರು ಮೈಸೂರು ಸಂಸ್ಥಾನದ ಕಾಲದಲ್ಲೇ ತಮ್ಮ ಹೆಸರನ್ನು ‘ಬೋಯಿ’ ಎಂದು ಬದಲಾಯಿಸಿಕೊಂಡಿದ್ದರು, ಅದೇ ಪಟ್ಟಿಯ ಇಂಗ್ಲಿಷಿನಲ್ಲಿ ‘ಭೋವಿ’ ಆಗಿದೆ ಎಂಬುದನ್ನು 1964ರಲ್ಲಿ ನ್ಯಾಯಾಲಯ ಒಪ್ಪಿತು. ಒಪ್ಪದೇ ಹೋಗಿದ್ದರೆ? ಕಲ್ಲು ಒಡೆಯುವ ಒಂದು ಇಡೀ ಸಮುದಾಯದ ಹಕ್ಕು ಒಂದು ಕಾಗುಣಿತದ ಮೇಲೆ ನಿಂತಿತ್ತು. ಈಚೆಗೆ 2023ರಲ್ಲಿ ಸಂಸತ್ತು ಛತ್ತೀಸಗಡದ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ತಿದ್ದಿ, ಭಾರಿಯಾ ಭೂಮಿಯಾ ಎಂಬ ಹೆಸರಿನ ಜೊತೆಗೆ ಭುಯಿಂಯಾ, ಭುಯಿಯಾನ್, ಭುಯಾನ್ ಎಂಬ ರೂಪಗಳನ್ನು ಸೇರಿಸಿತು. ಕಾಡಿನ ಜನ ತಮ್ಮನ್ನು ತಾವು ಕರೆದುಕೊಳ್ಳುವ ರೀತಿಯಲ್ಲೇ ಪಟ್ಟಿಯೊಳಗೆ ಬರಲು ದೇಶದ ಪಾರ್ಲಿಮೆಂಟೇ ಕೂತು ಕಾಗುಣಿತ ತಿದ್ದಬೇಕಾಯಿತು.

ಆಫೀಸಿನ ತಪ್ಪು ದಾಖಲೆಯಾಗುತ್ತದೆ, ಅದಕ್ಕೆ ತಕ್ಕಂತೆ ನಾವು ಬದುಕು ತಿದ್ದಿಕೊಳ್ಳಬೇಕು. ನಮ್ಮ ತಪ್ಪು ಅಯೋಗ್ಯತೆಯ ಸಾಕ್ಷಿಯಾಗುತ್ತದೆ. ನಾನು ತಪ್ಪಿನ ಜಾತಿ ಅಂದದ್ದು ಇದಕ್ಕೇ.

7

ಇಷ್ಟು ಹೇಳಿದ ಮೇಲೆ ನಮ್ಮ ಹುಡುಗರು ‘ಹಾಗಾದ್ರೆ ಸ್ಪೆಲ್ಲಿಂಗ್ ಕಲಿಯೋದು ಬೇಡ್ವಾ ಸಾರ್’ ಎಂದು ಕೇಳುತ್ತಾರೆ. ಕೇಳಬೇಕು.

ಕಲಿಯಬೇಕು. ತಪ್ಪನ್ನು ವೈಭವೀಕರಿಸುವುದು ಹೊಟ್ಟೆ ತುಂಬಿದವರಿಗೆ ಚೆಂದ. ಅವರ ಮಕ್ಕಳು ಇಂಗ್ಲಿಷ್ ಕಲಿತು ಮುಗಿಸಿ, ನಮ್ಮ ಮಕ್ಕಳಿಗೆ ‘ನಿಮ್ಮ ಆಡುನುಡಿಯೇ ಶ್ರೇಷ್ಠ, ಅದನ್ನೇ ಉಳಿಸಿಕೊಳ್ಳಿ’ ಎಂದು ಹೇಳುವುದನ್ನು ನಾನು ನಂಬುವುದಿಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದು ಮೈಸೂರಿನಲ್ಲಿ ಹೇಳಿ, ಇಂಗ್ಲಿಷಿನ ಕಡೆ ಕೈ ತೋರಿಸಿ, ಮಂತ್ರಿಗಿರಿ ಕಳೆದುಕೊಂಡರು. ಹಾಸ್ಟೆಲಿನ ಹುಡುಗರು ಏಟು ತಿಂದರು. ಆ ಮಾತಿನ ಒಳಗಿದ್ದ ಹಸಿವು ಇನ್ನೂ ತೀರಿಲ್ಲ. 2019ರಲ್ಲಿ ರಾಜ್ಯ ಸರ್ಕಾರ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿ ತೆರೆಯಹೊರಟಾಗ ದೊಡ್ಡ ಸಾಹಿತಿಗಳು ವಿರೋಧಿಸಿದರು. ಅವರ ವಾದದಲ್ಲಿ ತಿರುಳಿಲ್ಲ ಎಂದು ನಾನು ಹೇಳಲಾರೆ. ಆದರೆ ಕೂಲಿ ಮಾಡುವ ತಾಯಿ ತನ್ನ ಮಗುವಿನ ಕೈ ಹಿಡಿದುಕೊಂಡು ಆ ತರಗತಿಯ ಮುಂದೆ ಯಾಕೆ ನಿಂತಳು ಎಂಬುದಕ್ಕೆ ಆ ವಾದದಲ್ಲಿ ಉತ್ತರವಿಲ್ಲ.

ನಮಗೆ ಮೇಲ್ಪಂಕ್ತಿ ಬಾಬಾಸಾಹೇಬರೇ. ಲಂಡನ್ನಿನಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಪ್ರಬಂಧ ಬರೆದು 1923ರಲ್ಲಿ ಡಿ.ಎಸ್ಸಿ. ಪಡೆದ ಮನುಷ್ಯ, ಸಂವಿಧಾನದ ಒಂದೊಂದು ಪದವನ್ನೂ ತೂಗಿ ನೋಡಿದ ಮನುಷ್ಯ, 1920ರಲ್ಲಿ ತನ್ನ ಮೊದಲ ಪತ್ರಿಕೆಯನ್ನು ಮರಾಠಿಯಲ್ಲಿ ತಂದು ಅದಕ್ಕೆ ‘ಮೂಕನಾಯಕ’ ಎಂದು ಹೆಸರಿಟ್ಟರು. ಕಾನೂನಿನ ಕೋಣೆಯಲ್ಲಿ ಒಂದು ಅಲ್ಪವಿರಾಮವನ್ನೂ ಬಿಡಲಿಲ್ಲ, ಬಾಯಿಲ್ಲದವರ ಮಾತನ್ನು ವ್ಯಾಕರಣದ ಪರೀಕ್ಷೆ ಮಾಡಿ ಕೇಳಿಸಿಕೊಳ್ಳಲೂ ಇಲ್ಲ. ಈ ಎರಡೂ ಒಟ್ಟಿಗೆ ಸಾಧ್ಯ ಎಂಬುದೇ ನಮ್ಮ ವಿಮರ್ಶೆಗೆ ಪಾಠ. ಮೊದಲು ಅರ್ಥ ಕೇಳಿಸಿಕೊಳ್ಳೋಣ, ಆಮೇಲೆ ಅಕ್ಷರ ತಿದ್ದೋಣ. ತಿದ್ದುವಾಗ ಕಾರಣ ಹೇಳೋಣ, ನಗುವುದು ಬೇಡ. ಯಾವ ಸಾಲನ್ನು ತಿದ್ದಬೇಕು, ಯಾವುದನ್ನು ಇದ್ದ ಹಾಗೇ ಬಿಡಬೇಕು ಎಂಬ ತೀರ್ಮಾನ ಬರೆದವರದ್ದೇ ಆಗಲಿ. ಹೊಸ ಕವಿಗಳ ಕವಿತೆ ತಿದ್ದುವ ನಮ್ಮ ಸಣ್ಣ ಪತ್ರಿಕೆಗಳ ಸಂಪಾದಕರಿಗೂ ಈ ಮಾತು ಸಲ್ಲುತ್ತದೆ.

ಆ ಹುಡುಗಿಯನ್ನು ಮಾರನೇ ದಿನ ನಾನೇ ಹುಡುಕಿಕೊಂಡು ಹೋಗಿ ಕೂರಿಸಿಕೊಂಡೆ. ‘ಬಾರಮ್ಮ, ಇಬ್ಬರೂ ಸೇರಿ ಬರೆಯೋಣ’ ಅಂದೆ. ‘ಈಸ್ ನೋ ಡೋರ್’ ಯಾಕೆ ‘ಹ್ಯಾಸ್ ನೋ ಡೋರ್’ ಆಗಬೇಕು ಎಂದು ಹೇಳಿದೆ, ಒಪ್ಪಿ ಬದಲಾಯಿಸಿದಳು. ನಾನು ಚೆಂದ ಕಾಣಲಿ ಅಂತ ಸೇರಿಸಿದ್ದ ‘ಕೈಂಡ್ಲಿ ಡು ದ ನೀಡ್‌ಫುಲ್’ ನೋಡಿ, ‘ಇದ್ಯಾಕೆ ಸಾರ್, ನಾವೇನು ಭಿಕ್ಷೆ ಕೇಳ್ತಿದೀವಾ’ ಎಂದು ಹೊಡೆದುಹಾಕಿದಳು. ಕೊನೆಯ ಸಾಲಿಗೆ ಬಂದಾಗ ‘ಆರ್’ ಇರಲಿ ಅಂದಳು. ‘ಪೀಪಲ್ಸ್’ ಬಗ್ಗೆ ಸನ್ನದಿನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, ‘ಹಂಗಾರೆ ಹಂಗೇ ಇರ್ಲಿ ಬುಡಿ’ ಅಂದಳು.

ಅರ್ಜಿ ಹೋಯಿತು. ಹಾಸ್ಟೆಲಿನ ಹುಡುಗಿಯರೆಲ್ಲ ಅದಕ್ಕೆ ಸಹಿ ಹಾಕಿದ್ದರು. ನಾಲ್ಕು ತಿಂಗಳಿಗೆ ಬಾಗಿಲು ಬಂತು, ತಗಡಿನದು. ಒಳಗಡೆ ಚಿಲಕ ಇರಲಿಲ್ಲ. ಚಿಲಕಕ್ಕೆ ಇನ್ನೊಂದು ಅರ್ಜಿ ಅವಳೇ ಬರೆದುಕೊಂಡು ಹೋಗಿ ಕೊಟ್ಟಳಂತೆ. ನನಗೆ ತೋರಿಸಲಿಲ್ಲ. ಅದರಲ್ಲಿ ಎಷ್ಟು ತಪ್ಪಿದ್ದವೋ ನನಗೆ ಗೊತ್ತಿಲ್ಲ. ಚಿಲಕ ಮಾತ್ರ ಬಂದಿದೆ.